ಒಂದು ಮೋಟಾರು, ಎರಡು ಸಾರು

ಅಂಜನಾಪುರದ ಡ್ಯಾಮಿನ ದಂಡೆಯಲ್ಲಿ ದೋಣಿಯನ್ನು ಬಿಟ್ಟು ಬರಬಹುದು, ಬಲೆಯನ್ನು ಒಣಹಾಕಿ ಬರಬಹುದು, ಮೋಟಾರನ್ನು ಮಾತ್ರ ಬಿಟ್ಟು ಬರುವ ಹಾಗಿಲ್ಲ. ಬೆಳಗಾಗುವಷ್ಟರಲ್ಲಿ ಅದಕ್ಕೆ ಕಾಲು ಬಂದಿರುತ್ತದೆ. ಹಾಗಾಗಿ ತೀರ್ಥೇಶ್ ದಿನಾ ಸಂಜೆ ಅದನ್ನು ದೋಣಿಯ ಹಿಂಬದಿಯಿಂದ ಬಿಚ್ಚಿ, ಹೆಗಲ ಮೇಲೆ ಹೊತ್ತು ಮನೆಗೆ ತರುತ್ತಿದ್ದ. ಅಂಗಳದಲ್ಲಿ ಅದಕ್ಕೆಂದೇ ಬಡಿದ ಮರದ ಸ್ಟ್ಯಾಂಡಿತ್ತು, ಮೇಲೆ ಹೊದಿಸಲು ಗೋಣಿಚೀಲವಿತ್ತು. ಹೊಸ ಅಳಿಯ ಬಂದರೂ ಇಷ್ಟು ಉಪಚಾರ ನಡೆಯುವುದಿಲ್ಲ ಎಂದು ಅವನ ಅಪ್ಪ ಶೇಷಪ್ಪ ನಗುತ್ತಿದ್ದ. ಆಗಿನ್ನೂ ಆ ಮನೆಯಲ್ಲಿ ಮೋಟಾರಿನ ಬಗ್ಗೆ ನಗುವ ದಿನಗಳಿದ್ದವು.

ಒಬ್ಬನೇ ಎತ್ತಬಹುದಾದಷ್ಟು ಸಣ್ಣ ಮೋಟಾರು. ಕೆಳಗೆ ನೀರಿಗೆ ಇಳಿಯುವ ಫ್ಯಾನು, ನೆತ್ತಿಯ ಮೇಲೆ ಪೆಟ್ರೋಲಿನ ಟ್ಯಾಂಕು, ಎಳೆದು ಶುರು ಮಾಡಲು ಒಂದು ಹಗ್ಗ. ಕರಾವಳಿಯವರು ಯಾರೋ ಬಳಸಿ ಬಿಟ್ಟದ್ದನ್ನು ತೀರ್ಥೇಶ್ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ಟ್ಯಾಂಕಿನೊಳಗೆ ಇರಬೇಕಾದ ಜಾಲರಿ ಹಿಂದಿನವರ ಕಾಲದಲ್ಲೇ ಮಾಯವಾಗಿತ್ತು. ಪೆಟ್ರೋಲನ್ನು ಸೋಸಿಯೇ ಹಾಕಬೇಕು, ಒಂದು ಚೂರು ಕಸವೂ ಹೋಗಬಾರದು ಎಂದು ಅವನು ಮೊದಲ ದಿನವೇ ತಾಯಿ ದುರ್ಗಮ್ಮನಿಗೆ ಹೇಳಿದ್ದ. ಸೋಸುವುದನ್ನು ದುರ್ಗಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆ ಕುಡಿಯುವ ನೀರು ಸೋಸುವವಳು, ಮಜ್ಜಿಗೆ ಸೋಸುವವಳು, ಬೆಲ್ಲದ ಪಾನಕವನ್ನು ಎರಡೆರಡು ಸಲ ಸೋಸುವವಳು. ನೆಂಟರ ಮನೆಯಲ್ಲಿ ಸೋಸದ ನೀರು ಕೊಟ್ಟರೆ ಬಾಯಾರಿಕೆಯೇ ಇಲ್ಲವೆಂದು ಎದ್ದು ಬಂದವಳು. ಸಂಜೆ ಒಲೆ ಹೊತ್ತಿಸುವ ಮುಂಚೆ ಅಂಗಳಕ್ಕೆ ಬಂದು, ಆಲಿಕೆಯ ಬಾಯಿಗೆ ಬಟ್ಟೆ ಕಟ್ಟಿ, ಆಯಿಲ್ ಬೆರೆಸಿದ ಪೆಟ್ರೋಲನ್ನು ಕ್ಯಾನಿನಿಂದ ಸಣ್ಣ ಧಾರೆಯಾಗಿ ಬಗ್ಗಿಸಿ ಟ್ಯಾಂಕು ತುಂಬಿಸುತ್ತಿದ್ದಳು. ಮೊದಲು ಶೇಷಪ್ಪನ ಹಳೆಯ ಪಂಚೆಯ ತುಂಡಿತ್ತು. ದೀಪಾವಳಿಗೆ ಮನೆ ಸಾರಿಸಿ ಹಳತೆಲ್ಲ ಎಸೆದಾಗ ಅದೂ ಹೋಯಿತು. ತನ್ನದೇ ಒಂದು ಹಳೆಯ ಹಸಿರು ಹತ್ತಿ ಸೀರೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ, ಅದನ್ನು ಇಟ್ಟುಕೊಂಡಳು.

ಮೋಟಾರು ಬಂದ ಮೇಲೆ ಸೊಸೆ ನಯನಳ ಬೆಳಗು ಬೇಗ ಶುರುವಾಗುತ್ತಿತ್ತು. ಅವಳು ಸೊರಬದ ಕಡೆಯವಳು, ಮಾತು ಕಡಿಮೆ, ತಕ್ಕಡಿ ಹಿಡಿದರೆ ಮಾತ್ರ ಜೋರು. ಆಚೆ ದಂಡೆಯ ಬಲೆಗಳಿಂದ ಗಂಡ ತಂದ ಕಾಟ್ಲಾ, ಜಿಲೇಬಿ ಮೀನುಗಳನ್ನು ಬುಟ್ಟಿಗೆ ತುಂಬಿ ಶಿರಾಳಕೊಪ್ಪದ ಮಾರ್ಕೆಟ್ಟಿಗೆ ಒಯ್ಯುವುದು ಅವಳ ಕೆಲಸ. ಐಸು ಹಾಕಿದ ಮೀನಿನ ಗಾಡಿ ಬರುವ ಮುಂಚೆ ಸೇರಿದರೆ ವ್ಯಾಪಾರ, ತಡವಾದರೆ ನೊಣ ಓಡಿಸುವ ಉದ್ಯೋಗ. ಮನೆಯ ಒಲೆ ಅತ್ತೆಯದು. ಈ ಏರ್ಪಾಡು ನಯನಳಿಗೆ ಚೆನ್ನಾಗಿ ಒಗ್ಗಿತ್ತು.

ದೀಪಾವಳಿ ಕಳೆದ ಮೇಲೆ ಮೋಟಾರು ಹಟ ಹಿಡಿಯಿತು. ತೀರ್ಥೇಶ್ ಹಗ್ಗ ಎಳೆದೆಳೆದು ಬೆವತರೂ ಶುರುವಾಗುವುದಿಲ್ಲ. ಕಾರ್ಬೊರೇಟರಿನ ಅಡಿಯಿಂದ ಪೆಟ್ರೋಲು ತೊಟ್ಟಿಕ್ಕುತ್ತದೆ, ಪ್ಲಗ್ಗು ಬಿಚ್ಚಿದರೆ ನೀರಿನಲ್ಲಿ ಅದ್ದಿ ತೆಗೆದಷ್ಟು ಒದ್ದೆ. ಅವನು ಟ್ಯಾಂಕಿನಿಂದ ಪೆಟ್ರೋಲು ಬಿಡುವ ಕಾಕು ಮುಚ್ಚುತ್ತಿದ್ದ, ಪ್ಲಗ್ಗು ತೆಗೆದು ಹಗ್ಗ ಎಳೆದು ಒಳಗೆ ತುಂಬಿಕೊಂಡ ಪೆಟ್ರೋಲನ್ನು ಉಗುಳಿಸುತ್ತಿದ್ದ, ನಯನ ಪ್ಲಗ್ಗನ್ನು ಸೆರಗಿನಿಂದ ಒರೆಸಿ ಬಿಸಿಲಿಗೆ ಹಿಡಿಯುತ್ತಿದ್ದಳು. ಆಮೇಲೆ ಒಂದಿಷ್ಟು ಹೊತ್ತು ಓಡುತ್ತಿತ್ತು, ಮತ್ತೆ ಕೆಮ್ಮಿ ನಿಲ್ಲುತ್ತಿತ್ತು. ಅವಳ ಸೆರಗಿನ ಪೆಟ್ರೋಲ್ ವಾಸನೆಗೆ ಮಾರ್ಕೆಟ್ಟಿನಲ್ಲಿ ಗಿರಾಕಿಗಳು ಮೂಗು ಮುಚ್ಚಿಕೊಂಡು ಮುಂದಿನ ಬುಟ್ಟಿಗೆ ಹೋದದ್ದೂ ಉಂಟು.

ಶಿರಾಳಕೊಪ್ಪದಲ್ಲಿ ಚೌಡೇಶ್ ಎಂಬ ಬೈಕ್ ಮೆಕ್ಯಾನಿಕ್ ಇದ್ದ. ದೋಣಿಯ ಮೋಟಾರನ್ನು ಅವನು ಕಂಡದ್ದೇ ಮೊದಲು, ಆದರೂ ಬಂದ ಗಿರಾಕಿಯನ್ನು ಬಿಡುವ ಆಸಾಮಿಯಲ್ಲ. ಕಾರ್ಬೊರೇಟರಿನ ಅಡಿಯ ಬಟ್ಟಲು ಬಿಚ್ಚಿ, ಒಳಗಿದ್ದುದನ್ನು ನೆಲಕ್ಕೆ ಚೆಲ್ಲಿ, ಫ್ಲೋಟನ್ನು ತೋರಿಸಿದ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ತೇಲಿ ಬಂದು ನಲ್ಲಿ ಮುಚ್ಚುವುದಿಲ್ಲವೇ, ಹಾಗೆಯೇ ಇದು. ಬಟ್ಟಲು ತುಂಬಿದ ಕೂಡಲೇ ತೇಲಿ ಒಂದು ಸೂಜಿಯನ್ನು ಮೇಲೆ ಒತ್ತುತ್ತದೆ, ಸೂಜಿ ತೂತು ಮುಚ್ಚುತ್ತದೆ. ಇಲ್ಲಿ ಸೂಜಿ ಸರಿಯಾಗಿ ಕೂರುತ್ತಿಲ್ಲ, ಅದಕ್ಕೇ ಉಕ್ಕುತ್ತದೆ ಎಂದ. ಗಾಳಿ ಊದಿ, ಬ್ರಷ್ಷಿನಲ್ಲಿ ಉಜ್ಜಿ, ತನ್ನ ಅಂಗಡಿಯ ಪೆಟ್ರೋಲು ಹಾಕಿ ಹಗ್ಗ ಎಳೆದ. ನೀರಿನ ಡ್ರಮ್ಮಿನಲ್ಲಿ ಫ್ಯಾನು ಗಿರ್ರನೆ ತಿರುಗಿತು. ಕಸ ಸಿಕ್ಕಿಕೊಂಡಿತ್ತು, ಹೋಯಿತು ಎಂದ. ಯಾವ ಕಸ ಎಂದು ಅವನೂ ನೋಡಲಿಲ್ಲ, ತೀರ್ಥೇಶನೂ ಕೇಳಲಿಲ್ಲ.

ಅಂಗಡಿಯಲ್ಲಿ ಸರಿಯಿದ್ದ ಮೋಟಾರು ಮನೆಯಲ್ಲಿ ಒಂದೆರಡು ರಾತ್ರಿ ಕಳೆದರೆ ಮತ್ತೆ ಉಕ್ಕುತ್ತಿತ್ತು. ಮತ್ತೆ ಒಯ್ದ. ಸೂಜಿಯನ್ನೇ ಬದಲಿಸಿದರು. ಮತ್ತೆ ಅದೇ ಕಥೆ. ಮೂರನೆಯ ಸಲ ಚೌಡೇಶ್ ಕೈ ಒರೆಸಿಕೊಂಡು, ಇಲ್ಲಿಂದ ಸರಿಯಾಗಿ ಹೋದದ್ದು ಮನೆಯಲ್ಲಿ ಕೆಟ್ಟರೆ ನನ್ನನ್ನೇನು ಕೇಳುತ್ತೀಯ, ಮನೆಯಲ್ಲಿ ವಿಚಾರಿಸು ಎಂದುಬಿಟ್ಟ.

ತೀರ್ಥೇಶ್ ಬಸ್ಸಿನ ಸೀಟಿನಲ್ಲಿ ಮೋಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ವಿಚಾರಿಸುತ್ತಾ ಬಂದ. ಪೆಟ್ರೋಲಿನಲ್ಲಿ ಕಸ ಇರಲು ಸಾಧ್ಯವಿಲ್ಲ, ಅವ್ವ ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸುತ್ತಾಳೆ. ಹಾಗಿದ್ದ ಮೇಲೆ ಕಸ ತಾನಾಗಿ ಬರುವುದಿಲ್ಲ, ಯಾರೋ ಹಾಕಬೇಕು. ಮೋಟಾರು ತರುವಾಗ ಬೇಡವೆಂದವನು ಅಪ್ಪ ಒಬ್ಬನೇ. ಹುಟ್ಟು ಹಾಕಿ ಬೆಳೆದ ತೋಳು ಇರುವಾಗ ಪೆಟ್ರೋಲು ಕುಡಿಯುವ ಪ್ರಾಣಿ ಯಾಕೆ ಎಂದು ಅಂದಿದ್ದ.

ಮನೆಗೆ ಬಂದವನು ಮೀನಿನ ಬುಟ್ಟಿ ತೊಳೆಯುತ್ತಿದ್ದ ಹೆಂಡತಿಯನ್ನು ಕೇಳಿದ: ‘ನಾನಿಲ್ದಾಗ ಮೋಟಾರಿನ ಹತ್ರ ಯಾರಾದ್ರೂ ಹೋಗ್ತಾರಾ?’

ನಯನ ತಲೆ ಎತ್ತದೆಯೇ ಉತ್ತರಿಸಿದಳು. ‘ಯಾರು ಹೋಗ್ತಾರೆ. ಮಾವ ಒಂದೊಂದು ದಿನ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು ನೋಡ್ತಾ ಇರ್ತಾರೆ, ಅಷ್ಟೆ.’

ಅಷ್ಟೆ ಎಂದು ಅವಳು ಅಂದುಕೊಂಡಿದ್ದಳು. ಗಂಡನ ಮುಖ ನೋಡಿದ ಮೇಲೆ ಆ ಮಾತನ್ನು ಬುಟ್ಟಿಯ ನೀರಿನ ಜೊತೆ ಚೆಲ್ಲಿಬಿಡಬೇಕೆನಿಸಿತು.

ಶಿರಾಳಕೊಪ್ಪದ ಸಂತೆಯ ದಿನ ಬಂತು. ಬಲೆ ತುಂಬ ಮೀನು ಬಿದ್ದಿತ್ತು, ವಾಪಸು ಬರುವಾಗ ಮೋಟಾರು ನಡುನೀರಿನಲ್ಲಿ ಕೆಮ್ಮಿ ನಿಂತಿತು. ತೀರ್ಥೇಶ್ ಹುಟ್ಟು ಹಾಕಿಕೊಂಡು ದಂಡೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ದಂಡೆಯಲ್ಲಿ ಕಾದು ನಿಂತಿದ್ದ ನಯನ ಕಿವಿರು ಎತ್ತಿ ನೋಡಿ ತಕ್ಕಡಿಯನ್ನು ಪಕ್ಕಕ್ಕಿಟ್ಟಳು. ಅರ್ಧ ಮೀನನ್ನು ಊರಲ್ಲಿ ಹಂಚಿದರು, ಉಳಿದರ್ಧ ನಾಯಿಗಳ ಪಾಲಾಯಿತು.

ಶೇಷಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಬಲೆಯ ತೂತು ಹೆಣೆಯುತ್ತಾ ಕೂತಿದ್ದ. ತೀರ್ಥೇಶ್ ಮೋಟಾರನ್ನು ಹೆಗಲಿನಿಂದ ಇಳಿಸಿದವನೇ ಕೇಳಿದ: ‘ಅಪ್ಪ, ಇದರೊಳಗೆ ಏನು ಹಾಕ್ತಿದೀಯ?’

‘ಏನಂದೆ?’

‘ಮಣ್ಣು ಹಾಕ್ತೀಯೋ, ಬೂದಿ ಹಾಕ್ತೀಯೋ? ಬೆಳಿಗ್ಗೆ ಎದ್ದು ಮುಚ್ಚಳ ತೆಗೀತೀಯಂತೆ. ನಾನು ನಡುನೀರಲ್ಲಿ ಸಾಯ್ಲಿ ಅಂತಾನಾ? ಮಗ ನಾಕು ಕಾಸು ನೋಡಿದ್ರೆ ನಿನಗೆ ಹೊಟ್ಟೆ ಉರಿ.’

‘ಯಾರು ಹೇಳಿದ್ರು ನಿನಗೆ?’

‘ನೋಡಿದೋರು ಹೇಳಿದ್ರು.’

ಶೇಷಪ್ಪ ಮಗನನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತ ಸೊಸೆಯನ್ನು ಒಂದು ಸಲ ನೋಡಿದ. ಮದುವೆಯಾಗಿ ಬಂದ ಹೊಸದರಲ್ಲಿ ಮೀನಿನ ತಲೆಯನ್ನು ಯಾರಿಗೂ ಬಿಡದೆ ಅವಳ ತಟ್ಟೆಗೆ ಹಾಕಿಸುತ್ತಿದ್ದವನು ಅವನು. ನಯನ ನೆಲ ನೋಡಿದಳು. ಶೇಷಪ್ಪ ಹೆಣಿಗೆಯ ದಾರವನ್ನು ಹಲ್ಲಿನಲ್ಲಿ ಕತ್ತರಿಸಿ, ಬಲೆ ಮಡಚಿಟ್ಟು, ‘ಸರಿ. ಇನ್ಮೇಲೆ ನಿನ್ನ ಮೋಟಾರಿನ ಮೀನು ನನಗೆ ಬೇಡ’ ಎಂದ.

ಕೋಪದಲ್ಲಿ ಅಂದದ್ದು, ಹೊತ್ತು ಮುಳುಗುವಷ್ಟರಲ್ಲಿ ಇಳಿಯುತ್ತದೆ ಎಂದು ದುರ್ಗಮ್ಮ ಎಣಿಸಿದ್ದಳು. ಇಳಿಯಲಿಲ್ಲ. ಮಾರನೆಯ ದಿನ ಶೇಷಪ್ಪ ಹಿತ್ತಲಲ್ಲಿ ಬೋರಲು ಬಿದ್ದಿದ್ದ ಹಳೆಯ ತೆಪ್ಪವನ್ನು ಎಳೆದು, ಬುಡಕ್ಕೆ ಡಾಂಬರು ಬಳಿದ. ಬಲ ಭುಜ ನೋಯುತ್ತಿತ್ತು, ಎಡಗೈಯಲ್ಲೇ ಬಳಿದ. ಅದು ಒಣಗಿದ ಮೇಲೆ ತಾನೊಬ್ಬನೇ ನೀರಿಗಿಳಿದು, ದಂಡೆಯಂಚಿನಲ್ಲಿ ಬಲೆ ಬಿಟ್ಟು, ಬೆರಳುದ್ದದ ಮೀನು ಹಿಡಿದು ತಂದು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟ. ತನಗೆ ಇದರದ್ದೇ ಸಾರು ಆಗಬೇಕು ಎಂದ.

ಅಂದಿನಿಂದ ಒಂದೇ ಒಲೆಯ ಮೇಲೆ ಎರಡು ಸಾರು. ದೊಡ್ಡ ಪಾತ್ರೆಯಲ್ಲಿ ಮಗನ ಮೀನು, ಸಣ್ಣ ಪಾತ್ರೆಯಲ್ಲಿ ಅಪ್ಪನ ಮೀನು. ದುರ್ಗಮ್ಮ ಖಾರವನ್ನು ಒಂದೇ ಸಲ ಅರೆದು ಎರಡು ಪಾಲು ಮಾಡುತ್ತಿದ್ದಳು, ಸೌಟು ಮಾತ್ರ ಬೇರೆ ಬೇರೆ. ಒಮ್ಮೆ ಸೌಟು ಅದಲುಬದಲಾದದ್ದಕ್ಕೆ ಶೇಷಪ್ಪ ಬರೀ ಮಜ್ಜಿಗೆಯಲ್ಲಿ ಅನ್ನ ಕಲಸಿ ಉಂಡು ಎದ್ದ. ಅವನ ಊಟ ಹೊರಗೆ ಕಟ್ಟೆಯ ಮೇಲೆ, ತೀರ್ಥೇಶನ ಊಟ ಒಳಗೆ. ಪಕ್ಕದ ಮನೆಯ ರಾಜೇಶ್ವರಮ್ಮ ಹಿತ್ತಲ ಬೇಲಿಯಿಂದ ಇಣುಕಿ, ನೆಂಟರು ಬಂದಿದ್ದಾರಾ ಎಂದು ವಿಚಾರಿಸಿದಳು. ನೆಂಟರಾದರೆ ನಾಲ್ಕು ದಿನಕ್ಕೆ ಹೋಗುತ್ತಾರೆ ಬಿಡು ಎಂದು ದುರ್ಗಮ್ಮ ಒಳಗೆ ಬಂದಳು.

ತೀರ್ಥೇಶ್ ಮೋಟಾರಿಗೆ ಹೊಸ ಕಾವಲು ಹಾಕಿದ. ಸ್ಟ್ಯಾಂಡನ್ನು ಅಂಗಳದಿಂದ ಎತ್ತಿ ತನ್ನ ಕೋಣೆಯ ಕಿಟಕಿಯ ಕೆಳಗೆ ಇಟ್ಟ. ಶೇಷಪ್ಪ ಆ ಕಡೆ ತಲೆ ಹಾಕುವುದಿರಲಿ, ಹಿತ್ತಲಿಗೆ ಹೋಗಬೇಕಾದರೂ ಮನೆಯ ಆಚೆ ಮಗ್ಗುಲಿನಿಂದ ಸುತ್ತಿ ಹೋಗುತ್ತಿದ್ದ. ಆದರೂ ಮೋಟಾರು ಉಕ್ಕಿತು. ಆಗಲಾದರೂ ತೀರ್ಥೇಶನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಮೊದಲು ಹಾಕಿದ್ದೇ ಇನ್ನೂ ಒಳಗಿದೆ ಎಂದುಕೊಂಡ. ಒಂದು ಸಲ ಅಪ್ಪನ ಮೇಲೆ ಹೊರಿಸಿದ್ದನ್ನು ಇಳಿಸಲು ಅವನಿಗೂ ಸುಲಭವಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಬೇರೆಯಾಗುವ ಮಾತು ತೆಗೆಯತೊಡಗಿದ. ಶಿರಾಳಕೊಪ್ಪದಲ್ಲಿ ಒಂದು ಮನೆ ನೋಡುತ್ತೇನೆ, ಮೋಟಾರನ್ನು ಅಲ್ಲೇ ಇಟ್ಟುಕೊಂಡು ದಿನಾ ಬಂದು ಹೋಗುತ್ತೇನೆ ಎಂದ.

‘ಅಡಿಗೆ ಯಾರು ಮಾಡೋದು?’ ಎಂದಳು ನಯನ.

‘ನೀನು.’

‘ಮೀನು ಯಾರು ಮಾರೋದು?’

‘ನೀನೇ. ಇನ್ಯಾರು?’

ಬೇರೆ ಮನೆಯಾದರೆ ಒಲೆಯೂ ನಯನಳದೇ, ತಕ್ಕಡಿಯೂ ಅವಳದೇ; ಅದನ್ನಾದರೂ ಸಹಿಸಬಹುದಿತ್ತು. ತಾನು ಬುಟ್ಟಿ ತೊಳೆಯುತ್ತಾ ಆಡಿದ ಒಂದು ಮಾತಿನಿಂದ ಮನೆ ಎರಡಾಗುತ್ತಿದೆ ಎಂಬುದು ಅವಳಿಗೆ ಅನ್ನ ಸೇರದ ಹಾಗೆ ಮಾಡಿತ್ತು. ಮಾವ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಮುಂಚಿನ ಹಾಗೇ ನೀರು ಕೊಡಮ್ಮ ಎನ್ನುತ್ತಿದ್ದ, ತಟ್ಟೆ ಕೊಡಮ್ಮ ಎನ್ನುತ್ತಿದ್ದ. ಅಂದುಬಿಟ್ಟಿದ್ದರೆ ಹಗುರಾಗುತ್ತಿತ್ತು.

ತೀರ್ಥೇಶ್ ಮನೆ ನೋಡಲೆಂದು ಶಿರಾಳಕೊಪ್ಪಕ್ಕೆ ಹೋದ ದಿನ ಮೋಟಾರು ಕೆಟ್ಟೇ ನಿಂತಿತ್ತು. ನಯನ ಕಿಟಕಿಯ ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದಳು. ತಟ್ಟೆಯಲ್ಲಿ ಹರಡಿದರೆ ಕಲ್ಲು ಕಾಣುತ್ತದೆ, ನೆಲಕ್ಕೆ ಚೆಲ್ಲಿದರೆ ಕಾಣುವುದಿಲ್ಲ. ಚೌಡೇಶ್ ಪ್ರತಿ ಸಲವೂ ಬಟ್ಟಲನ್ನು ನೆಲಕ್ಕೇ ಬಗ್ಗಿಸಿದ್ದ, ಗಂಡನೂ ಹಾಗೆಯೇ ಮಾಡುತ್ತಿದ್ದ. ಅಕ್ಕಿಯನ್ನು ಪಕ್ಕಕ್ಕಿಟ್ಟು, ಒಳಗಿನಿಂದ ಇನ್ನೊಂದು ಸ್ಟೀಲ್ ತಟ್ಟೆ ತಂದಳು. ಕಾಕು ಮುಚ್ಚಿ, ಗಂಡನ ಸ್ಪ್ಯಾನರು ಹಿಡಿದು, ಅವನು ಬಿಚ್ಚುವುದನ್ನು ಎಷ್ಟೋ ಸಲ ನೋಡಿದ್ದ ಬೋಲ್ಟನ್ನು ತಿರುಗಿಸಿದಳು. ಬಟ್ಟಲಿನಲ್ಲಿದ್ದ ಪೆಟ್ರೋಲನ್ನು ತಟ್ಟೆಗೆ ಬಗ್ಗಿಸಿ ಬಿಸಿಲಿಗೆ ಇಟ್ಟಳು.

ಅಕ್ಕಿ ಆರಿಸಿ ಮುಗಿಯುವಷ್ಟರಲ್ಲಿ ಪೆಟ್ರೋಲು ಹಾರಿಹೋಗಿತ್ತು. ತಟ್ಟೆಯ ಮೇಲೆ ಆಯಿಲಿನ ತೆಳು ಪಸೆ, ಪಸೆಯಲ್ಲಿ ಸಣ್ಣ ಸಣ್ಣ ಎಳೆಗಳು. ಬಳೆಯಲ್ಲಿದ್ದ ಸೇಫ್ಟಿ ಪಿನ್ನು ತೆಗೆದು ಫ್ಲೋಟಿನ ಮೇಲಿನ ಸೂಜಿಯ ತುದಿಯನ್ನು ಕೆದಕಿದಳು. ಅಲ್ಲಿಯೂ ಒಂದು ಎಳೆ ಸುತ್ತಿಕೊಂಡಿತ್ತು. ಬೆಳಕಿಗೆ ಹಿಡಿದು ನೋಡಿದಳು. ಹಸಿರು.

ಬಚ್ಚಲ ಗೋಡೆಯ ಮೊಳೆಯಲ್ಲಿ ಅತ್ತೆಯ ಸೋಸುವ ಬಟ್ಟೆ ತೂಗುತ್ತಿತ್ತು. ಉಟ್ಟು ಉಟ್ಟು ಸವೆದ ಸೀರೆ, ಅಂಚು ಹೊಲಿಯದೆ ಹರಿದ ತುಂಡು, ನಾಲ್ಕೂ ಕಡೆ ಎಳೆ ಬಿಟ್ಟಿತ್ತು.

ಅದನ್ನು ಒಲೆಗೆ ಹಾಕಿ, ತಟ್ಟೆ ತೊಳೆದಿಟ್ಟು, ಸಂತೆಯಿಂದ ಸ್ಟೀಲಿನ ಜರಡಿಯೊಂದನ್ನು ತಂದುಬಿಟ್ಟರೆ ಮುಗಿಯಿತು ಎಂದು ಮೊದಲು ಅನಿಸಿತು. ಮೋಟಾರು ಸರಿಯಾಗುತ್ತದೆ, ಅತ್ತೆಗೆ ನೋವಿಲ್ಲ. ಆಮೇಲೆ ಹೊಳೆಯಿತು. ಮಾವ ಮೋಟಾರು ಮುಟ್ಟುವುದನ್ನು ಬಿಟ್ಟಿದ್ದಾರೆ. ಈಗ ಅದು ಸದ್ದಿಲ್ಲದೆ ಸರಿಹೋದರೆ, ನೋಡಿದ್ಯಾ, ಅಪ್ಪ ಕೈ ಹಾಕೋದು ಬಿಟ್ಟ ಮೇಲೆ ನೆಟ್ಟಗಾಯ್ತು ಎಂದು ಗಂಡ ಜೀವಮಾನವಿಡೀ ಹೇಳುತ್ತಾನೆ. ಆಗ ಅದನ್ನು ಸುಳ್ಳೆಂದು ತೋರಿಸಲು ತಟ್ಟೆಯಲ್ಲಿ ಏನೂ ಉಳಿದಿರುವುದಿಲ್ಲ.

ದುರ್ಗಮ್ಮ ಅರೆದ ಖಾರವನ್ನು ಎರಡು ಪಾಲು ಮಾಡುತ್ತಿದ್ದಳು. ನಯನ ತಟ್ಟೆಯನ್ನು ಅವಳ ಮುಂದೆ ಇಟ್ಟಳು. ಉಣ್ಣುವ ತಟ್ಟೆಗೆ ಪೆಟ್ರೋಲು ಹಾಕಿದ್ದಕ್ಕೆ ಮೊದಲು ಬೈಗುಳ ಬಿತ್ತು. ಆಮೇಲೆ ದುರ್ಗಮ್ಮ ಒಂದು ಎಳೆಯನ್ನು ಎತ್ತಿ ಬೆರಳಲ್ಲಿ ಹೊಸೆದಳು. ಎದ್ದು ಹೋಗಿ ಮೊಳೆಯಿಂದ ಬಟ್ಟೆ ತಂದು ಅಂಚನ್ನು ಮೆಲ್ಲಗೆ ಎಳೆದಳು. ಇನ್ನೊಂದು ಎಳೆ ಕೈಗೆ ಬಂತು.

‘ಇದು ನಾನು ಸೋಸಿದ್ದು ಅಲ್ಲೇನು?’

‘ಹೌದು ಅತ್ತೆ.’

ದುರ್ಗಮ್ಮ ಒಲೆಯ ಮುಂದೆ ಕೂತಳು. ಒಲೆ ಉರಿದು ತಣ್ಣಗಾಗುತ್ತಿದ್ದರೂ ಸೌದೆ ತಳ್ಳಲಿಲ್ಲ. ನಯನ ತನ್ನದನ್ನೂ ಹೇಳಿದಳು: ಮಾವ ಮುಚ್ಚಳ ತೆಗೆಯುವುದನ್ನು ಗಂಡನಿಗೆ ಹೇಳಿದವಳು ತಾನೇ ಎಂದು. ಅತ್ತೆ ಬಯ್ಯುತ್ತಾಳೆಂದು ಕಾದಳು.

‘ನೀನು ನೋಡಿದ್ದು ಹೇಳಿದೆ’ ಎಂದಳು ದುರ್ಗಮ್ಮ. ‘ಅವನು ನೋಡದೇ ಇದ್ದದ್ದನ್ನೂ ಸೇರಿಸ್ಕೊಂಡ.’ ಕೈಯಲ್ಲಿದ್ದ ಎಳೆಯನ್ನು ತಟ್ಟೆಗೇ ವಾಪಸು ಇಟ್ಟು, ‘ಆ ತಟ್ಟೆ ತೊಳೀಬೇಡ’ ಎಂದಳು.

ಸಂಜೆ ತೀರ್ಥೇಶ್ ಗೆಲುವಾಗಿ ಬಂದ. ಮನೆ ಸಿಕ್ಕಿದೆ, ಮುಂದಿನ ತಿಂಗಳು ಖಾಲಿ ಮಾಡಿಕೊಡುತ್ತಾರಂತೆ ಎಂದು ಕೈಕಾಲು ತೊಳೆದು ಊಟಕ್ಕೆ ಕೂತ. ಹೊರಗೆ ಕಟ್ಟೆಯ ಮೇಲೆ ಶೇಷಪ್ಪ ತನ್ನ ತಟ್ಟೆಗೆ ಕಾಯುತ್ತಿದ್ದ. ದುರ್ಗಮ್ಮ ಮಗನ ಮುಂದೆ ಆ ತಟ್ಟೆಯನ್ನಿಟ್ಟಳು.

‘ಇದೇನವ್ವ?’

‘ನಿನ್ನ ಮೋಟಾರಿನ ಕಸ. ನಾನು ಹಾಕಿದ್ದು.’

ಅವನಿಗೆ ತಲೆಬುಡ ತಿಳಿಯಲಿಲ್ಲ. ನಯನ ಬಟ್ಟೆಯನ್ನು ತಂದು ತೋರಿಸಿ, ಬಟ್ಟಲು ಬಿಚ್ಚಿದ್ದು, ಪೆಟ್ರೋಲು ಹಾರಿದ್ದು, ಸೂಜಿಗೆ ಸುತ್ತಿದ್ದ ಎಳೆ ಎಲ್ಲವನ್ನೂ ಹೇಳಿದಳು. ಅವನು ಎಳೆಯನ್ನೂ ಬಟ್ಟೆಯನ್ನೂ ಬೆಳಕಿಗೆ ಹಿಡಿದು, ಮತ್ತೆ ಮತ್ತೆ ನೋಡಿದ. ಕಡೆಗೆ ತಾಯಿಯ ಮುಖ ನೋಡಿ ಮೆತ್ತಗಾದ.

‘ಹೋಗ್ಲಿ ಬಿಡವ್ವ. ನಾನೇ ಅಲ್ವಾ ಸೋಸು ಅಂದಿದ್ದು. ನೀನೇನು ಬೇಕಂತ ಮಾಡಿದ್ಯಾ?’

‘ನನಗೆ ಬಿಡವ್ವ ಅಂತೀಯ. ನಿಮ್ಮಪ್ಪಗೆ ಏನಂದೆ? ಅದನ್ನೇ ನನಗೂ ಅನ್ನು.’

‘ಅವ್ವ...’

‘ನಡುನೀರಲ್ಲಿ ಸಾಯ್ಲಿ ಅಂತಾನಾ ಅಂದೆ. ಹೊಟ್ಟೆ ಉರಿ ಅಂದೆ. ಅನ್ನು. ಒಂದೂ ಬಿಡಬೇಡ. ಹಾಕಿದೋಳು ನಾನು.’

ತೀರ್ಥೇಶ್ ಬಾಯಿ ತೆರೆದ. ಅಪ್ಪನಿಗೆ ಸಲೀಸಾಗಿ ಅಂದದ್ದು ತಾಯಿಯ ಮುಂದೆ ನಾಲಿಗೆಯ ಮೇಲೇ ಏರಲಿಲ್ಲ. ಅಷ್ಟು ಹೊತ್ತಿಗೆ ಹೊರಗಿನಿಂದ ಶೇಷಪ್ಪನ ದನಿ ಬಂತು.

‘ಅವಳಿಗೆ ಅನ್ಬೇಡ. ನನಗಂದಿದ್ದೇ ಸಾಕು.’

ತೀರ್ಥೇಶ್ ಎದ್ದು ಹೊಸ್ತಿಲವರೆಗೆ ಹೋದ, ಆಚೆ ದಾಟಲಿಲ್ಲ. ‘ಮುಚ್ಚಳ ಯಾಕೆ ತೆಗೀತಿದ್ದೆ ಅಪ್ಪ?’

‘ಎಣ್ಣೆ ಎಷ್ಟೈತೆ ಅಂತ ನೋಡ್ತಿದ್ದೆ. ನೀನು ನೋಡ್ದೇ ಹೊರಟುಬಿಡ್ತೀಯ. ನಡುವೆ ನಿಂತ್ರೆ ಏನ್ಮಾಡ್ತೀಯ?’

‘ಅವತ್ತೇ ಹೇಳ್ಬಾರದಾಗಿತ್ತಾ?’

‘ಅವತ್ತು ನೀನು ಕೇಳ್ಲಿಲ್ಲ. ನೀನೇ ಹೇಳ್ದೆ.’

ಒಳಗೆ ದುರ್ಗಮ್ಮ ಸಣ್ಣ ಪಾತ್ರೆಯನ್ನು ಎತ್ತಿ ದೊಡ್ಡ ಪಾತ್ರೆಗೆ ಸುರಿದಳು. ನಯನ ಒಂದೇ ಸೌಟಿನಲ್ಲಿ ಬಡಿಸಿದಳು. ಮಾವ ಒಳಗೆ ಬರುತ್ತಾರೇನೋ ಎಂದು ಅವಳು ಚಾಪೆ ಹಾಸಿದಳು. ಶೇಷಪ್ಪ ಬರಲಿಲ್ಲ. ತೀರ್ಥೇಶ್ ಎರಡು ತಟ್ಟೆಯನ್ನೂ ಎತ್ತಿಕೊಂಡು ಹೊರಗೆ ಹೋಗಿ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ. ಇಬ್ಬರೂ ಮುಳ್ಳು ಬಿಡಿಸಿ ಬಿಡಿಸಿ ಉಂಡರು. ಸಾರಿನಲ್ಲಿ ಯಾರು ಹಿಡಿದ ಮೀನು ಯಾವುದೆಂದು ಶೇಷಪ್ಪ ಕೇಳಲಿಲ್ಲ. ಏಳುವಾಗ ಮಾತ್ರ, ‘ನಾನಿನ್ನು ನಿನ್ನ ಮೋಟಾರು ಮುಟ್ಟಲ್ಲ. ಎಣ್ಣೆ ನೀನೇ ನೋಡ್ಕೊಂಡು ಹೋಗು’ ಎಂದ. ತೀರ್ಥೇಶ್ ತಟ್ಟೆಯಲ್ಲೇ ಕೈ ಇಟ್ಟುಕೊಂಡು ಕೂತಿದ್ದ.

ಶಿರಾಳಕೊಪ್ಪದ ಮನೆಗೆ ಬರುವುದಿಲ್ಲವೆಂದು ತೀರ್ಥೇಶ್ ಫೋನಿನಲ್ಲಿ ಹೇಳಿದ. ಸ್ಟೀಲಿನ ಜರಡಿ ಬಂತು. ದುರ್ಗಮ್ಮ ಅದನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಎಳೆ ಏನಾದರೂ ಬಿಡುತ್ತದೆಯೇ ಎಂದು ಉಗುರಿನಲ್ಲಿ ಕೆರೆದು ನೋಡಿದ ಮೇಲೆಯೇ ಪೆಟ್ರೋಲು ಬಗ್ಗಿಸಿದಳು. ಮೋಟಾರು ಮೊದಲ ಎಳೆತಕ್ಕೇ ಶುರುವಾಗತೊಡಗಿತು. ತೀರ್ಥೇಶ್ ಸ್ಟ್ಯಾಂಡನ್ನು ಕಿಟಕಿಯ ಕೆಳಗಿನಿಂದ ಎತ್ತಿ ಮತ್ತೆ ಅಂಗಳದಲ್ಲಿ ಇಟ್ಟ. ಹೊರಡುವ ಮುಂಚೆ ತಾನೇ ಮುಚ್ಚಳ ತೆಗೆದು ನೋಡಿಕೊಳ್ಳುತ್ತಿದ್ದ. ಶೇಷಪ್ಪ ತೆಪ್ಪವನ್ನು ಬಿಡಲಿಲ್ಲ, ಆದರೆ ಅವನ ಬೆರಳುದ್ದದ ಮೀನುಗಳು ಈಗ ದೊಡ್ಡ ಪಾತ್ರೆಗೇ ಬೀಳುತ್ತಿದ್ದವು.

ಸಂಕ್ರಾಂತಿ ಹತ್ತಿರವಾದ ಒಂದು ದಿನ ನಯನ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಲು ಬಂದಳು. ಮಂಜು ಇನ್ನೂ ಕರಗಿರಲಿಲ್ಲ. ಸ್ಟ್ಯಾಂಡಿನ ಹತ್ತಿರ ಮಾವ ನಿಂತಿದ್ದ. ಗೋಣಿಚೀಲ ಸರಿಸಿ, ಮುಚ್ಚಳ ತೆಗೆದು, ಟ್ಯಾಂಕಿನೊಳಗೆ ಬಗ್ಗಿ ನೋಡುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು. ಮುಚ್ಚಳವನ್ನು ಹಾಕಲೂ ಇಲ್ಲ, ಬಿಡಲೂ ಇಲ್ಲ.

ನಯನ ಕೊಡವನ್ನು ಕೆಳಗಿಟ್ಟಳು. ಈ ಸಲ ಕೇಳಿದಳು.

‘ಎಣ್ಣೆ ಇದೆಯಾ ಮಾವ?’

‘ಆಚೆ ದಂಡೆಗೆ ಹೋಗಿ ಬರೋವಷ್ಟು ಐತಮ್ಮ’ ಎಂದು ಶೇಷಪ್ಪ ಮುಚ್ಚಳ ತಿರುಗಿಸಿ ಬಿಗಿ ಮಾಡಿದ.